ಅಮ್ಮನ ತೊಡೆ ನೋವಿನ ವಿಚಾರ

ವ್ಯಾಂಕೂವರ್
ಭಾನುವಾರ ರಾತ್ರಿ

ಅಕ್ಕಾ,

ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಭಾವನಿಗೂ ಓದಿ ಹೇಳು.

ಮೊನ್ನೆ ವಿಡಿಯೋ ಕಾಲಿನಲ್ಲಿ ಅಮ್ಮ ಕುರ್ಚಿಯಿಂದ ಎದ್ದದ್ದು ನೋಡಿದೆ. ಎದ್ದವಳು ಹೊರಡಲಿಲ್ಲ. ಜಗಲಿಯ ಕಂಬ ಹಿಡಿದು, ಹಲ್ಲು ಕಚ್ಚಿ ಹಾಗೇ ನಿಂತಳು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸರಾಗವಾಯಿತು. ಎಡಗಡೆ ಸೀರೆಯ ಅಂಚು ನೆಲಕ್ಕೆ ತಾಗುತ್ತಿತ್ತು, ಗಮನಿಸಿದ್ದೀಯಾ? ಅಮ್ಮ ಹಾಗೆ ಸೀರೆ ಉಡುವವಳೇ ಅಲ್ಲ. ಆ ಕಾಲು ಗಿಡ್ಡವಾಗಿದೆಯೇನೋ ಅಂತ ನನಗೆ ಅನುಮಾನ.

ವಯಸ್ಸಾಯ್ತು, ಬಚ್ಚಲಲ್ಲಿ ಜಾರಿ ತೊಡೆ ಮೂಳೆ ಮುರಿದು ಪ್ಲೇಟ್ ಹಾಕಿದ ಮೇಲೆ ನೋವು ಇದ್ದದ್ದೇ ಅಂತ ಬಿಡಬೇಡಿ. ನಮ್ಮ ಮೂಳೆ ವಾರ್ಡಿನಲ್ಲಿ ಇಂಥವರನ್ನು ಎಷ್ಟೋ ಸಲ ನೋಡಿದ್ದೇನೆ. ಕೂತು ಏಳುವಾಗ ತೊಡೆಯಲ್ಲಿ ಚಳಕ್ ಅನ್ನುತ್ತದೆ, ನಡೆದರೆ ಕಡಿಮೆಯಾಗುತ್ತದೆ. ಅಮ್ಮನಿಗೆ ಮಾಡಿದಂತೆ ಸೊಂಟದ ಬಾಲ್ ಬದಲಾಯಿಸಿದಾಗ ತೊಡೆ ಮೂಳೆಯೊಳಗೆ ಇಳಿಸಿದ ಲೋಹದ ಕಡ್ಡಿ, ಅಂದರೆ ಸ್ಟೆಮ್, ಸಡಿಲವಾದರೆ ಹೀಗಾಗುವುದುಂಟು.

ಅಪ್ಪನ ಕತ್ತಿ ನೆನಪಿದೆಯಲ್ಲ? ಹಿಡಿ ಸೀಳಿದಾಗ ಮೇಲೆ ತಂತಿ ಸುತ್ತುತ್ತಿದ್ದರು. ಹಿಡಿಯೊಳಗಿನ ಕಬ್ಬಿಣದ ಬಾಲ ಬಿಗಿಯಾಗಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಬಾಲವೇ ಸಡಿಲವಾಗಿದ್ದರೆ ಎಷ್ಟು ತಂತಿ ಸುತ್ತಿದರೂ ಕತ್ತಿ ಅಲ್ಲಾಡುತ್ತಿತ್ತು. ಅಮ್ಮನ ತೊಡೆಯ ಕಥೆಯೂ ಅದೇ ಇರಬಹುದು.

ಸ್ಟೆಮ್ ಇರುವ ತೊಡೆ ಮೂಳೆಯ ಮುರಿತಗಳನ್ನು ಡಾಕ್ಟರುಗಳು ವಿಂಗಡಿಸುವುದು ಈ ಊರಿನ ಹೆಸರಿನಲ್ಲೇ, ವ್ಯಾಂಕೂವರ್ ವರ್ಗೀಕರಣ ಅಂತ. 1995ರಲ್ಲಿ ಇಲ್ಲಿನ ಡಂಕನ್ ಮತ್ತು ಮಸ್ರಿ ಅನ್ನುವ ಸರ್ಜನ್ನರು ಮಾಡಿದ್ದು. ಸ್ಟೆಮ್ಮಿನ ಸುತ್ತ ಮುರಿದು ಸ್ಟೆಮ್ ಬಿಗಿಯಾಗಿದ್ದರೆ ಬಿ1. ಅದಕ್ಕೆ ಪ್ಲೇಟು, ತಂತಿ ಸಾಕು. ಸಡಿಲವಾಗಿದ್ದರೆ ಬಿ2. ಆಗ ಸಾಮಾನ್ಯವಾಗಿ ಹಳೆಯದನ್ನು ತೆಗೆದು, ಮುರಿದ ಜಾಗ ದಾಟಿ ಕೆಳಗೆ ಹೋಗುವ ಉದ್ದದ ಸ್ಟೆಮ್ ಹಾಕುತ್ತಾರೆ. ಜೊತೆಗೆ ಮೂಳೆಯೂ ಸವೆದಿದ್ದರೆ ಬಿ3, ಅದು ಇನ್ನೂ ಕಷ್ಟ.

ಅಮ್ಮನ ಡಿಸ್ಚಾರ್ಜ್ ಕಾಗದದಲ್ಲಿ ಬಿ1 ಅಂತ ಇದೆ. ಬರೆದವರನ್ನು ದೂರಲಾರೆ. ಎಕ್ಸ್‌ರೇಯಲ್ಲಿ ಬಿಗಿಯಾಗಿ ಕಂಡ ಸ್ಟೆಮ್, ಆಪರೇಷನ್ ಟೇಬಲ್ ಮೇಲೆ ಅಲ್ಲಾಡಿಸಿ ನೋಡಿದಾಗ ಸಡಿಲ ಅಂತ ಗೊತ್ತಾಗುವುದುಂಟು. ಎಷ್ಟೋ ಜನರಿಗೆ ಬೀಳುವ ಮೊದಲೇ ಸಡಿಲವಾಗಿರುತ್ತದೆ. ಬಚ್ಚಲಲ್ಲಿ ಜಾರುವುದಕ್ಕೆ ಮುಂಚೆ, ದೀಪಾವಳಿಯ ಹೊತ್ತಿಗೇ ಅಮ್ಮ ತೊಡೆ ಎಳೀತದೆ ಅನ್ನುತ್ತಿದ್ದಳು. ಎಣ್ಣೆ ಹಚ್ಚಿಕೋ ಅಂದೆ ನಾನು. ಇದೇ ಕೆಲಸ ಮಾಡುವವಳು ನಾನು ಹಾಗೆ ಅಂದುಬಿಟ್ಟೆನಲ್ಲ ಅಂತ ಈಗ ಹೊಟ್ಟೆಯಲ್ಲಿ ಸಂಕಟ.

ಈ ವಾರವೇ ಕರೆದುಕೊಂಡು ಹೋಗಿ. ಹಳೇ ಸ್ಟೆಮ್ ತೆಗೆದು ಮತ್ತೆ ಹಾಕುವ ಆಪರೇಷನ್ ಜಾಸ್ತಿ ಮಾಡಿದ ಸರ್ಜನ್ನರನ್ನೇ ನೋಡಿ. ಸೊಂಟದಿಂದ ಮಂಡಿವರೆಗೆ ಪೂರ್ತಿ ಎಕ್ಸ್‌ರೇ ತೆಗೆಸಿ. ಹೊಸದೊಂದನ್ನೇ ತೋರಿಸಿದರೆ ಸಾಲದು, ಹಳೆಯವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸ್ಟೆಮ್ ಕೆಳಗೆ ಕುಸಿದಿದ್ದರೆ ಆಗಲೇ ಕಾಣುವುದು. ಕೀವಾಗಿದ್ದರೂ ಸಡಿಲವಾಗುತ್ತದೆ, ಅದಕ್ಕೆ ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ಅನ್ನುವ ಉರಿಯೂತದ ಪರೀಕ್ಷೆಗಳನ್ನು ಮಾಡಿಸಿ. ತೋರಿಸುವವರೆಗೆ ವಾಕರ್ ಬಿಡಬಾರದು. ಹಿತ್ತಲಿಗೂ ಅದನ್ನು ಹಿಡಿದೇ ಹೋಗಲಿ. ಬೈದರೂ ಪರವಾಗಿಲ್ಲ.

2014ರ ಸೊಂಟದ ಆಪರೇಷನ್ನಿನ ಎಕ್ಸ್‌ರೇ ಫಿಲ್ಮುಗಳು ಅಟ್ಟದ ಟ್ರಂಕಿನಲ್ಲಿ, ಅಪ್ಪನ ಜಮೀನಿನ ಕಾಗದಗಳ ಕೆಳಗೆ ಇವೆ. ಅದೇ ಕವರಿನಲ್ಲಿ ಸ್ಟೆಮ್ಮಿನ ಕಂಪನಿ, ಅಳತೆ ಇರುವ ಸ್ಟಿಕ್ಕರ್ ಅಂಟಿಸಿದ ಹಾಳೆಯಿದೆ. ಹೊಸ ಡಾಕ್ಟರಿಗೆ ಅದು ಬೇಕೇ ಬೇಕು. ಇವತ್ತೇ ಫೋಟೋ ತೆಗೆದು ಕಳಿಸು. ಬುಧವಾರ ನಿಮ್ಮ ಬೆಳಗಿಗೆ ಫೋನ್ ಮಾಡುತ್ತೇನೆ.

ನಿನ್ನ ತಂಗಿ