ಸೂರ್ಯಾಸ್ತದ ಊರಿಗೆ ಬೇಕಾದ ಕಾಲುಸಂಕ

ಶಿವಮೊಗ್ಗದ ಜಿಲ್ಲಾಧಿಕಾರಿಗಳಿಗೆ,

ಮಾನ್ಯರೇ,

ಆಗುಂಬೆಯ ಸೂರ್ಯಾಸ್ತ ನೋಡಲು ಬರುವವರಿಗೆ ಏನೇನು ಸೌಕರ್ಯ ಬೇಕೆಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ಅದೇ ಕಾಡಿನೊಳಗೆ, ಘಾಟಿ ರಸ್ತೆಗೆ ಕಾಣದ, ಹಸಲರೆಂಬ ಬುಡಕಟ್ಟಿನವರ ಕೇರಿಗಳ ಮಾತು ಅಲ್ಲಿ ಬರುವುದು ಅಪರೂಪ. ತೀರ್ಥಹಳ್ಳಿ ತಾಲ್ಲೂಕಿನವನಾದ ನಾನು, ಹಳ್ಳ ದಾಟಲು ಅವರಿಗೆ ಬೇಕಾದ ಕಾಲುಸಂಕಗಳ, ಎಂದರೆ ನಡೆದು ದಾಟುವ ಕಿರುಸೇತುವೆಗಳ, ಮಾತನ್ನು ತಮ್ಮ ಮುಂದಿಡುತ್ತಿದ್ದೇನೆ.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢ, ಶ್ರಾವಣದ ಹಳ್ಳ ಏರಿತೆಂದರೆ ಶಾಲೆಯ ಮಕ್ಕಳೂ ಬಸುರಿಯರೂ ಮರದ ದಿಮ್ಮಿ ಹಾಸಿದ, ಪಾಚಿಗಟ್ಟಿ ಜಾರುವ ಸಂಕವನ್ನೇ ದಾಟಬೇಕು. ಕೇರಿಯವರಿಗೆ ನಾಲ್ಕು ಕಾಸು ತರುವ ಉಪ್ಪಾಗೆ ಎಂಬ ಹುಳಿಯ ಕಾಡುಕಾಯಿ ಹಣ್ಣಾಗುವುದೂ ಅದೇ ಮಳೆಯಲ್ಲಿ; ಬಿಸಿಲಿಲ್ಲದ್ದರಿಂದ ಅದರ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ, ಮತ್ತೆ ನೆನೆಯದಂತೆ ಮುಚ್ಚಿಕೊಂಡು, ಹೊರೆ ಹೊತ್ತು ಆ ಸಂಕದ ಮೇಲೆಯೇ ಬರಬೇಕು. ಪ್ರವಾಸಿಗರಿಗೆ ಕೇರಿಗಳನ್ನೂ ತೋರಿಸಬಹುದೆಂದು ಈಚೆಗೆ ಒಬ್ಬರು ಹೇಳಿದಾಗ, ಕೇರಿಯವರನ್ನು ನೋಟದ ವಸ್ತುವಾಗಿಸುವ ಆ ಯೋಚನೆಗೆ ಬೇಸರವಾಯಿತು; ಬಂದವರು ಹಳ್ಳ ದಾಟುವುದು ಹೇಗೆಂದು ನಗುವೂ ಬಂತು.

ಇದು ಮೀಸಲು ಅರಣ್ಯ, 2012ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಎಂಬುದು ನಿಜ, ಅದು ಉಳಿಯಲೇಬೇಕು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2), ಕಾಡಿನ ನಿವಾಸಿಗಳ ರಸ್ತೆ, ಅಂಗನವಾಡಿ, ಕುಡಿಯುವ ನೀರು ಮೊದಲಾದವುಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ, ಪ್ರತಿ ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದಂತೆ ಒದಗಿಸಲು ಅವಕಾಶ ಕೊಟ್ಟಿದೆ. ಕಾಲುಸಂಕಕ್ಕೆ ಎಪ್ಪತ್ತೈದಲ್ಲ, ಏಳು ಮರವನ್ನೂ ಕಡಿಯಬೇಕಾಗದು.

ಅದೇ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ತಾವೇ ಅಧ್ಯಕ್ಷರು. ಪರಿಶಿಷ್ಟ ಪಂಗಡದವರಾದ ಹಸಲರು ಅರಣ್ಯ ಹಕ್ಕು ಪಡೆಯಲು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿ ವಾಸವಾಗಿದ್ದರೆ ಸಾಕು, ಇತರ ಅರಣ್ಯವಾಸಿಗಳಂತೆ 75 ವರ್ಷದ ಪುರಾವೆ ಒದಗಿಸಬೇಕಿಲ್ಲ. ಇದು ನಾನು ಮಾತನಾಡಿಸಿದ ಹಲವರಿಗೆ ಗೊತ್ತೇ ಇರಲಿಲ್ಲ. ಆದ್ದರಿಂದ ಪ್ರವಾಸೋದ್ಯಮದ ಯಾವುದೇ ಹೊಸ ಕಾಮಗಾರಿಗೆ ಒಪ್ಪಿಗೆ ಕೊಡುವ ಮೊದಲು ಗ್ರಾಮಸಭೆಯನ್ನು ಕೇರಿಯಲ್ಲಿಯೇ ಕರೆಸಿ, ಈ ವಿಷಯವನ್ನು ಅವರಿಗೆ ತಿಳಿಸಿ, ಸಂಕಗಳ ಬೇಡಿಕೆಯನ್ನು ಅಲ್ಲಿಯೇ ಬರೆಸಿಕೊಳ್ಳಬೇಕೆಂದು ಕೋರುತ್ತೇನೆ.

ಸ್ಥಳ ನೋಡಲು ತಾವು ಬರುವುದಾದರೆ ದಯವಿಟ್ಟು ಜುಲೈಯಲ್ಲಿ ಬನ್ನಿ. ಏಪ್ರಿಲಿನಲ್ಲಿ ಆ ಹಳ್ಳ ಪಾದ ಮುಳುಗುವಷ್ಟೂ ಇರುವುದಿಲ್ಲ.

ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ನಿವಾಸಿ