ಬಸ್ಸು ಬಂದಳು ಅಂದರೆ ಗಾಬರಿ ಯಾಕೆ?

ಮಂಡ್ಯ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಬೇರೆಲ್ಲಾ ಸರಿ. ಕೊನೆಗೆ "ಮಗು ಎರಡು ಭಾಷೆಗೂ ಸಲ್ಲದೆ ಹೋಗುತ್ತೇನೋ, ಮನೇಲಿ ಕನ್ನಡ ನಿಲ್ಲಿಸಿಬಿಡ್ಲಾ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ಪುಟ್ಟ "ಬಸ್ಸು ಬಂದಳು", "ಹಾಲು ಚೆಲ್ಲಿಹೋದ" ಅನ್ನುತ್ತಾನೆ, ಅಷ್ಟೇ ತಾನೆ? ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ, ಹಾಲು ಪುಲ್ಲಿಂಗ. ಭೋಪಾಲದಲ್ಲಿ ದಿನವೆಲ್ಲಾ ಕೇಳಿದ ಲೆಕ್ಕವನ್ನೇ ಕನ್ನಡಕ್ಕೂ ಹಾಕಿದ್ದಾನೆ. ತಲೆ ಕೆಟ್ಟಿದ್ದರೆ ಬಸ್ಸು ಇವತ್ತು ಬಂದಳು, ನಾಳೆ ಬಂದ ಆಗುತ್ತಿತ್ತು. ಕನ್ನಡದಲ್ಲಿ ನಮಗೆ ಸುಲಭ. ಮನುಷ್ಯರು, ದೇವರು ಬಿಟ್ಟರೆ ಮಿಕ್ಕಿದ್ದೆಲ್ಲಾ ಅದು. ಮಗು ಕೂಡ ಅದೇ! ಹಿಂದಿಯಲ್ಲಿ ಒಂದೊಂದು ಪದದ ಲಿಂಗವನ್ನೂ ಕಿವಿಯಿಂದಲೇ ಹಿಡಿಯಬೇಕು. "ಪಾನಿ ಆಯಾ" ಅನ್ನೋ ಕಡೆ "ಪಾನಿ ಆಯೀ" ಅಂದು ಪಕ್ಕದ ಮನೆಯವರನ್ನು ನಗಿಸಿದ್ದು ನೀನು, ಅವನಲ್ಲ.

ಸ್ಪ್ಯಾನಿಷ್‌ನಲ್ಲೂ ಹೀಗೇ. ಪುಲ್ಲಿಂಗದ ಪದಕ್ಕೆ ಮುಂದೆ ಎಲ್, ಸ್ತ್ರೀಲಿಂಗಕ್ಕೆ ಲಾ. 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮೂರು ವರ್ಷದ ಮಕ್ಕಳಿಗೆ ಎರಡೆರಡು ಚಿತ್ರ ತೋರಿಸಿ, ಒಂದರ ಹೆಸರು ಹೇಳಿ, ಕಣ್ಣು ಎಲ್ಲಿ ಹೋಗುತ್ತದೆ ಅಂತ ನೋಡಿದರು. ಎರಡರ ಲಿಂಗ ಬೇರೆಯಾಗಿದ್ದಾಗ ಆ ಪುಟ್ಟ ಲಾ ಕೇಳಿಯೇ ಮಕ್ಕಳು ಸರಿಯಾದ ಚಿತ್ರವನ್ನು ಬೇಗ ಹುಡುಕಿಬಿಡುತ್ತಿದ್ದರು. ದೊಡ್ಡವರಾದ ಮೇಲೆ ಕಲಿತವರಿಗೆ ಆ ಚುರುಕು ಸುಲಭಕ್ಕೆ ಬರುವುದಿಲ್ಲ. ನಿನ್ನ ಅಜ್ಜಿಗೂ ಹಾಗೇ ಆಗಿದ್ದು.

ಅವಳ ತವರು ತೆಲುಗು ಅನ್ನೋದು ಗೊತ್ತಲ್ಲ. ತೆಲುಗಿನಲ್ಲಿ ಹೆಂಗಸೊಬ್ಬಳು ಬಂದರೂ ವಚ್ಚಿಂದಿ, ಗಾಡಿ ಬಂದರೂ ವಚ್ಚಿಂದಿ. ಮದುವೆಯಾದ ಹೊಸದರಲ್ಲಿ ನಮ್ಮ ಸೋದರತ್ತೆಯನ್ನು "ಬಂತು" ಅಂದಳಂತೆ. ಮನೆಯವರೆಲ್ಲಾ ನಕ್ಕು, ಇನ್ನು ಈ ಮನೇಲಿ ತೆಲುಗು ಬೇಡ ಅಂದರು. ಆಮೇಲೆ ಅವಳು ತೆಲುಗು ಆಡುತ್ತಿದ್ದದ್ದು ಕೊಟ್ಟಿಗೆಯಲ್ಲಿ, ಹಾಲು ಕರೆಯುವಾಗ, ಹಸುವಿನ ಜೊತೆ. ನನಗೂ ನಿನ್ನಮ್ಮನಿಗೂ ಒಂದಕ್ಷರ ಬರಲಿಲ್ಲ. ಚಿತ್ತೂರಿನ ಮದುವೆಗಳಲ್ಲಿ ಸೋದರಮಾವಂದಿರು ಹರಟೆ ಹೊಡೆದು ನಗುವಾಗ ನಾವಿಬ್ಬರೂ ಸುಮ್ನೆ ವೀಳ್ಯದೆಲೆ ಒರೆಸುತ್ತಾ ಕೂತಿರುತ್ತಿದ್ದೆವು. ಅದು ಈಗಲೂ ಹೊಟ್ಟೆ ಉರಿಸುತ್ತದೆ.

ಅದಕ್ಕೇ ನಿನ್ನ ಆ ಮಾತು ಅಷ್ಟು ಚುಚ್ಚಿದ್ದು. ಕನ್ನಡ ನಿಲ್ಲಿಸಿದರೆ ಹಿಂದಿ ಬರುತ್ತೆ ಅಂತಲಾ? ಅದು ಆಗಲೇ ಬಂದಿದೆಯಲ್ಲೇ!

ಮಗು ನಿನ್ನದು, ನಾನು ಹೇಳೋದು ಜಾಸ್ತಿ ಆಯಿತೇನೋ. ಅವನು "ಬಸ್ಸು ಬಂದಳು" ಅಂದರೆ "ಹೂಂ, ಬಸ್ಸು ಬಂತು, ಹತ್ತು" ಅಂದುಬಿಡು. ನಿಲ್ಲಿಸಿ ತಿದ್ದಿ ಮತ್ತೆ ಹೇಳಿಸಬೇಡ. ಎರಡು ಭಾಷೆ ಕೇಳಿದ್ದಕ್ಕೆ ಯಾವ ಮಗುವಿನ ಮಾತೂ ಕೆಡುವುದಿಲ್ಲ. ಅಷ್ಟಾಗಿಯೂ ಮನಸ್ಸು ತಡೆಯದಿದ್ದರೆ ಇಲ್ಲಿಗೆ ಬಂದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಒಂದು ಸಲ ತೋರಿಸೋಣ, ಮಾನಸಗಂಗೋತ್ರಿಯಲ್ಲೇ ಇದೆ. ದಸರಾ ಗಲಾಟೆಯಲ್ಲಿ ಬೇಡ, ಸಂಕ್ರಾಂತಿಗೆ ಬಾ.

ಅಲ್ಲಿಯವರೆಗೆ ಸಂಜೆ ಹೊತ್ತು ಅವನ ಕೈಗೆ ಫೋನು ಕೊಡು. ಇಲ್ಲಿ ಯಾರು ಬಂದರು, ಏನು ಬಂತು ಅಂತ ನಾನು ಹೇಳುತ್ತಿರುತ್ತೇನೆ. ಕೆಲಸ ಇದೆ ಅಂತ ನೀನು ಮಧ್ಯೆ ಕಿತ್ತುಕೊಳ್ಳಬೇಡ.

ಇಂತಿ,
ನಿನ್ನ ದೊಡ್ಡಮ್ಮ