ಬಿ.ಎಂ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ಸಿಕ್ಕ ಹಿರಿಯರಿಗೆ

ಕಳೆದ ಶನಿವಾರ ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ನನಗೆ ಸಹಾಯ ಮಾಡಿದ ಯಜಮಾನರೇ, ನಿಮ್ಮ ಹೆಸರು ಕೇಳೋದೇ ಮರೆತುಬಿಟ್ಟೆ.

ಅಪ್ಪನ ಹಳೆಯ ಸ್ಪೂಲ್ ಟೇಪ್ ರೆಕಾರ್ಡರಿನ ಮೋಟಾರು ಕೀಚ್ ಅಂತ ಕೂಗುತ್ತಿತ್ತು. ಬೇರಿಂಗ್ ಕೂತಿದ್ದ ಗುಳಿಗೆ ಹಿಂದೆ ದಾರಿಯೇ ಇರಲಿಲ್ಲ, ಹಾಗಾಗಿ ಅದನ್ನು ಹೊರಗೆ ತಳ್ಳುವುದು ಹೇಗೆ ಅಂತ ತಿಳಿಯದೆ ಎರಡು ವಾರ ಸುಮ್ನೆ ನೋಡುತ್ತಾ ಕೂತಿದ್ದೆ. ನೀವು ಬೇರಿಂಗಿನ ತೂತಿಗೆ ಗ್ರೀಸ್ ಗಟ್ಟಿಯಾಗಿ ತುಂಬಿ, ಅದೇ ಅಳತೆಯ 8 ಮಿ.ಮೀ. ಸರಳು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಿರಿ. ಮತ್ತೆ ಗ್ರೀಸ್, ಮತ್ತೆ ಏಟು. ಕೆಳಗೆ ಹೋದ ಗ್ರೀಸ್‌ಗೆ ಬೇರೆ ಜಾಗವಿಲ್ಲ ಅಲ್ವಾ, ಬೇರಿಂಗ್ ತಾನೇ ಮೇಲೆದ್ದು ಬಂತು! ಗುಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಹೊಸ ಬೇರಿಂಗಿನ ನಂಬರ್ 608. ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. "ಕೂರಿಸುವಾಗ ಹೊರಗಿನ ಬಳೆಯನ್ನೇ ಒತ್ತಪ್ಪ, ಒಳಗಿನದನ್ನು ಒತ್ತಿದರೆ ಗುಂಡುಗಳು ಬಳೆಯಲ್ಲಿ ಗುಳಿ ಮಾಡ್ತವೆ, ಆಮೇಲೆ ಹೊಸದೂ ಕೂಗುತ್ತೆ" ಅಂದಿರಿ. ಹಾಗೇ ಮಾಡಿದೆ, ಮೊದಲು ಗುಳಿ ಇರುವ ಮೋಟಾರಿನ ಮುಚ್ಚಳವನ್ನು ಸ್ವಲ್ಪ ಬಿಸಿ ಮಾಡಿ ಹಿಗ್ಗಿಸಿಕೊಂಡು.

ದುಡ್ಡು ಕೊಡಲು ಬಂದರೆ ಬೇರಿಂಗಿನ ಬೆಲೆ ಬಿಟ್ಟು ಒಂದು ಪೈಸೆ ಜಾಸ್ತಿ ಮುಟ್ಟಲಿಲ್ಲ ನೀವು. ನಿನ್ನೆ ರಾತ್ರಿ ಅಮ್ಮ ಆ ಟೇಪಿನಲ್ಲಿ ಅಪ್ಪನ ದನಿ ಕೇಳಿದರು, ಪೂರ್ತಿ ಒಂದು ಸ್ಪೂಲ್. ತುಂಬಾ ಥ್ಯಾಂಕ್ಸ್ ಯಜಮಾನರೇ.